ಜೋಳದ ರೊಟ್ಟಿಯ ರಕ್ತ

ಮಜ್ಜಿಗೆ ಮೆಣಸಿನಕಾಯಿ ಎಣ್ಣೆಗೆ ಬಿದ್ದರೆ ಮನೆಯೆಲ್ಲ ಘಾಟು. ಮೊನ್ನೆ ತಳೇಗಾಂವದಿಂದ ಕಾಕು ಕಳಿಸಿದ ಡಬ್ಬಿಯಿಂದ ನಾಲ್ಕು ತೆಗೆದು ಕರಿದೆ. ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು, ಹಿಂದೆಯೇ ಕಾಕಾನ ನೆನಪೂ ಬಂತು. ಸವಿನೆನಪು ಎನ್ನಲಾರೆ. ಬದುಕಿದ್ದಾಗ ಆ ಮನುಷ್ಯನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

ರಕ್ತಸಂಬಂಧವೇನೂ ಇಲ್ಲ. ಪುಣೆಯ ಕ್ಯಾಂಪ್ ಪೇಟೆಯಲ್ಲಿ ನಾವು ಬಾಡಿಗೆಗಿದ್ದ ಕಟ್ಟಡದ ಕೆಳಗೆ ಅವರ ಅಂಗಡಿ. ಇಳಕಲ್ ಸೀರೆ, ಕುಪ್ಪಸಕ್ಕೆ ಗುಳೇದಗುಡ್ಡದ ಖಣ. ನಮ್ಮ ವಿಜಯಪುರದ ಕಡೆಯವರು ಎಂಬ ಒಂದೇ ಕಾರಣಕ್ಕೆ ಅವರು ಕಾಕಾ, ಅವರ ಹೆಂಡತಿ ಕಾಕು. ನಾನು ಬ್ಯಾಂಕಿನಲ್ಲಿ ಗುಮಾಸ್ತೆ. ದಿನಾ ಬೆಳಿಗ್ಗೆ ಅವರ ಅಂಗಡಿ ಮುಂದೆಯೇ ಹಾದು ಹೋಗಬೇಕು, ಹಾದು ಹೋಗುವಾಗೆಲ್ಲ ಒಂದು ಬಡಾಯಿ ಕೇಳಬೇಕು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುತ್ತಾರಲ್ಲ, ಕಾಕಾನ ಮೊಲಕ್ಕೆ ಎರಡೇ ಇದ್ದವು.

ಆದರೆ ಒಂದು ಮಾತು ಒಪ್ಪಬೇಕು, ಅವರ ನೆನಪಿನ ಶಕ್ತಿ ಬಡಾಯಿಯಲ್ಲ. ಗಿರಾಕಿ ಹೆಣ್ಣುಮಗಳು ಒಮ್ಮೆ ತವರಿನ ಹೆಸರು ಹೇಳಿದರೆ ಮುಗಿಯಿತು. ಹತ್ತು ವರ್ಷ ಬಿಟ್ಟು ಬಂದರೂ “ಬಾ ತಂಗಿ, ಮುಧೋಳದಾಕಿ ಅಲ್ಲೇನು” ಎನ್ನುತ್ತಿದ್ದರು. ಮೊದಲ ಸಲ ಅಂಗಡಿಗೆ ಬಂದ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ತವರು ಯಾವೂರು ಎಂದು ಕೇಳಿ, ಒಂದು ಖಣ ಉಡಿಗೆ ಹಾಕಿ ಕಳಿಸುವುದು ಅವರ ಪದ್ಧತಿ. ಒಬ್ಬಳಿಗೆ ಒಂದೇ ಸಲ. ನನಗೂ ಹಾಕಿದ್ದರು, ಹಸಿರು ಖಣ, ಕೆಂಪು ಅಂಚು…

ಗಲ್ಲಿಯ ಡಾಕ್ಟರರು ಬಿ.ಪಿ. ಭಾಳ ಏರಿದೆ ಎಂದು ಗುಳಿಗೆ ಬರೆದುಕೊಟ್ಟಾಗ ಕಾಕಾ ನಕ್ಕುಬಿಟ್ಟರಂತೆ. ನನ್ನೆದುರೂ ಅದೇ ಮಾತು. “ಬಿ.ಪಿ. ಅನ್ನೋದು ಪಾವ್ ತಿನ್ನೋ ಮಂದಿಗಿ, ಇಲ್ಲಾ ಆ ಎದುರಿನ ಹೋಟೆಲಿನವರಂಗ ಮೂರು ಹೊತ್ತು ಅನ್ನ ತಿನ್ನೋ ಮಂದಿಗಿ. ನಮ್ದು ಜ್ವಾಳದ ರೊಟ್ಟಿ ರಕ್ತ ತಂಗಿ.” ಹೇಳುತ್ತ ಹೇಳುತ್ತಲೇ ಊಟದ ಡಬ್ಬಿ ತೆರೆಯುವರು. ಗರಿಗರಿ ಕಟಕ ರೊಟ್ಟಿ, ಹಿಂಡಿ ಚಟ್ನಿ, ಉಪ್ಪಿನಲ್ಲಿ ಮುಳುಗೆದ್ದ ಈ ಮೆಣಸಿನಕಾಯಿ ಐದಾರು. ಜಗತ್ತಿನ ಜನರನ್ನೆಲ್ಲ ರೊಟ್ಟಿ, ಪಾವು, ಅನ್ನ ಎಂದು ಮೂರು ಜಾತಿ ಮಾಡಿ, ತಾನು ಮಾತ್ರ ಮೇಲೆ ಹತ್ತಿ ಕೂತ ಆ ದಡ್ಡತನ ನೋಡಿ ನನಗೆ ಮೈ ಉರಿಯುತ್ತಿತ್ತು.

ಒಂದು ಬೆಳಿಗ್ಗೆ ಕಾಕು ಮೆಟ್ಟಿಲ ಹತ್ತಿರ ನನ್ನನ್ನು ತಡೆದರು. ಕೈಯಲ್ಲಿ ಇಂಗ್ಲಿಷ್ ಪತ್ರಿಕೆಯಿಂದ ಕತ್ತರಿಸಿದ ಒಂದು ಲೇಖನ. ಡಾಕ್ಟರರೇ ಕೊಟ್ಟದ್ದು.

“ನನ್ನ ಮಾತು ಕೇಳಂಗಿಲ್ಲ ಅವರು. ನೀ ಓದಿ ಹೇಳಿದರ ಕೇಳ್ತಾರ. ನಮ್ಮಪ್ಪನೂ ಹಿಂಗ ಗುಳಿಗಿ ಬಿಟ್ಟಿದ್ದ ತಂಗಿ, ಕಡೀಕ ನನ್ನ ಗುರ್ತನೂ ಹಿಡೀಲಿಲ್ಲ.”

ಓದಿದೆ. ಅಂಗಡಿ ಕಟ್ಟೆಯ ಮೇಲೆ, ಹೆಗಲ ಮೇಲಿನ ಚೀಲವನ್ನೂ ಇಳಿಸದೆ. ಏರಿದ ರಕ್ತದೊತ್ತಡ ಮಿದುಳಿಗೆ ಮಾಡುವ ಕೇಡು ಕರಿಯರಲ್ಲೂ ಬಿಳಿಯರಲ್ಲೂ ಒಂದೇ ಸಮವೇ, ಯಾರ ನೆನಪು ಬೇಗ ಮಾಸುತ್ತದೆ ಎಂದು ಪರದೇಶದ ಡಾಕ್ಟರರು ಹುಡುಕುತ್ತಿರುವ ಸಂಗತಿ. ಎರಡು ಕಾಲಂ ಕನ್ನಡದಲ್ಲಿ ಹೇಳಿದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಕಾಕಾ ಬಾಯಿ ಹಾಕಿದರು.

“ಅದರಾಗ ನಮ್ಮ ಮಂದಿ ಹೆಸರು ಅದ ಏನು?”

ನನಗೆ ಬಸ್ಸಿನ ಅವಸರ. ಮೇಲೆ ಇದೊಂದು ಪ್ರಶ್ನೆ. “ನಿಮ್ಮಂಥ ಗಟ್ಟಿ ರಕ್ತದವರ ಹೆಸರು ಎಲ್ಲಿಂದ ಬರಬೇಕ್ರಿ ಕಾಕಾ? ಇದು ಉಳಿದ ಮಂದಿಗಿ” ಎಂದು ಕಾಗದ ಕಟ್ಟೆಯ ಮೇಲಿಟ್ಟು ಹೊರಟೆ. ಕುಚೋದ್ಯದ ಮಾತು. ಕುಚೋದ್ಯವೆಂದು ಎಂಥವರಿಗೂ ತಿಳಿಯಬೇಕು ಎಂದುಕೊಂಡಿದ್ದೆ.

ಸಂಜೆ ಬಂದು ನೋಡಿದರೆ ಆ ಲೇಖನಕ್ಕೆ ಗಾಜಿನ ಚೌಕಟ್ಟು. ಗಲ್ಲಾಪೆಟ್ಟಿಗೆಯ ಮೇಲೆ, ದೇವರ ಪಟದ ಪಕ್ಕದಲ್ಲಿ. ಬಂದವರಿಗೆಲ್ಲ ತೋರಿಸಿ, “ಬ್ಯಾಂಕಿನ ತಂಗಿ ಓದಿ ಹೇಳ್ಯಾಳ, ನಮ್ಮ ಮಂದಿಗೆ ಇದು ತಾಕಂಗಿಲ್ಲ” ಎನ್ನುತ್ತಿದ್ದರು. ಕಾಕುವಿನ ಕಾಟಕ್ಕೆ ಆಗೊಮ್ಮೆ ಈಗೊಮ್ಮೆ ನುಂಗುತ್ತಿದ್ದ ಗುಳಿಗೆಯೂ ಅಂದೇ ನಿಂತಿತು. ನಾನು ಬಾಯಿ ಬಿಟ್ಟು ಅಲ್ಲ ಎನ್ನಬಹುದಿತ್ತು, ಒಂದು ನಿಮಿಷದ ಕೆಲಸ. ಹಾಳಾಗಿ ಹೋಗಲಿ, ಇಂಥವರಿಗೆ ಬುದ್ಧಿ ಹೇಳುವುದು ನನ್ನ ಕೆಲಸವೇ ಎಂದುಕೊಂಡೆ. ಕಾಕು ಮಾತ್ರ ಮತ್ತೆ ಆ ಸುದ್ದಿ ಎತ್ತಲಿಲ್ಲ. ಓದಿದವಳೇ ಹೇಳಿದ ಮೇಲೆ ಅವರು ಇನ್ನೇನು ವಾದಿಸಿಯಾರು?

ವರ್ಷಗಳು ಹೋದವು. ಕಾಕಾನ ಬಾಯಲ್ಲಿ ಮೊದಲು ಸೀರೆಯ ದರ ತಪ್ಪಿತು, ಆಮೇಲೆ ಊರು ತಪ್ಪಿತು. ಮುಧೋಳದವಳು ಬದಾಮಿಯವಳಾದಳು. ಒಂದು ಮಧ್ಯಾಹ್ನ ಬ್ಯಾಂಕಿಗೆ ರಜೆ, ನಾನು ಅಂಗಡಿಗೆ ಇಳಿದೆ. ಕಾಕಾ ಕತ್ತೆತ್ತಿ ನೋಡಿ, “ಬಾ ತಂಗಿ, ತವರು ಯಾವೂರು” ಎಂದರು. ಹೇಳಿದೆ. ಖಣ ತೆಗೆದು ನನ್ನ ಸೆರಗಿಗೆ ಹಾಕಿದರು. ಚಹಾ ಬಂತು, ಕುಡಿದೆವು. “ತಂಗಿ, ತವರು ಯಾವೂರು?” ಮತ್ತೊಂದು ಖಣ. ಏಳಬೇಕೆನ್ನುವಾಗ ಮೂರನೆಯದು. ಕಾಕು ಸೀರೆ ಮಡಚುತ್ತ ತಲೆ ತಗ್ಗಿಸಿಯೇ ಇದ್ದರು. ನನಗೆ ಅವರ ಮುಖ ನೋಡಲು ಧೈರ್ಯ ಬರಲಿಲ್ಲ. ಚೌಕಟ್ಟಿನ ಕಡೆ ತಿರುಗಿದೆ, ನಾನು ಬಿಟ್ಟ ಮೂರನೆಯ ಕಾಲಂ ಅಲ್ಲಿಯೇ ಇತ್ತು, ನಿಂತು ಓದಿದೆ. ವ್ಯತ್ಯಾಸ ಕಂಡರೂ ಅದು ರಕ್ತದ್ದೇ ಎನ್ನಬೇಡಿ, ಯಾರಿಗೆ ಔಷಧ ಸಿಕ್ಕಿತು, ಯಾರು ಎಂಥ ಬದುಕು ಬದುಕಿದರು ಎಂಬುದೂ ಸೇರಿರಬಹುದು. ಏರಿದ ಒತ್ತಡ ಯಾರ ಮಿದುಳನ್ನೂ ಸುಮ್ಮನೆ ಬಿಡುವುದಿಲ್ಲ, ಗುಳಿಗೆ ತಪ್ಪಿಸಬೇಡಿ. ಇಷ್ಟೇ. ದಡ್ಡ ಆ ಮನುಷ್ಯನಂತೂ ಹೌದು. ಆದರೆ ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು…

ಗುಳಿಗೆ ನುಂಗಿದ್ದರೆ ಉಳಿಯುತ್ತಿದ್ದರೋ ಏನೋ, ಯಾರು ಬಲ್ಲರು. ಕಡೆಕಡೆಗೆ ಕಾಕು ನೀರು ಕೊಡಲು ಬಂದರೂ “ತವರು ಯಾವೂರು ತಂಗಿ” ಎಂದೇ ಕೇಳುತ್ತಿದ್ದರಂತೆ. ಕಾಕಾ ಹೋದ ಮೇಲೆ ಅಂಗಡಿ ಮುಚ್ಚಿತು. ತಳೇಗಾಂವದ ಮಗಳ ಮನೆಗೆ ಹೊರಡುವ ದಿನ ಕಾಕು ನನ್ನ ಕೈ ಹಿಡಿದುಕೊಂಡರು. “ಆ ಪೇಪರಿನವರಿಗೆ ನಮ್ಮ ಮಂದಿ ಸುದ್ದಿ ಗೊತ್ತಿರಲಿಲ್ಲ ತಂಗಿ. ಅವರು ಬರೆದದ್ದನ್ನ ನೀ ಓದಿದಿ. ನಿಂದೇನು ತಪ್ಪು?” ನಾನು ಅವರ ಗಂಟನ್ನು ರಿಕ್ಷಾಕ್ಕೆ ಎತ್ತಿಟ್ಟೆ.

ಈಗ ನನಗೂ ಬಿ.ಪಿ. ಬಂದಿದೆ. ಬೆಳಿಗ್ಗೆ ಒಂದು ಗುಳಿಗೆ, ತಪ್ಪಿಸುವುದಿಲ್ಲ. ಆ ಮೂರು ಖಣ ಟ್ರಂಕಿನಲ್ಲಿವೆ, ಒಂದನ್ನೂ ಹೊಲಿಸಿಲ್ಲ. ಕರಿದ ಮೆಣಸಿನಕಾಯಿ ತಟ್ಟೆಯಲ್ಲಿದ್ದಾಗಲೇ ಕಾಕು ಫೋನ್ ಮಾಡಿದರು.

“ಹೆಂಗ ಆಗ್ಯಾವ ತಂಗಿ? ಉಪ್ಪು ಹೆಚ್ಚಾಗಿಲ್ಲಲ್ಲಾ?”

ನಾಲಿಗೆಗಿಟ್ಟರೆ ಬರೀ ಉಪ್ಪು. “ಇಲ್ರಿ ಕಾಕು, ಬರೋಬ್ಬರಿ ಅದ” ಎಂದೆ.

“ನೀ ಹೇಳಿದಿ ಅಂದರ ಖರೇನ ಬಿಡು” ಎಂದರು ಕಾಕು.