ಮಧು ತಲೆ ಎತ್ತದ ಮೂವತ್ತು ಸೆಕೆಂಡು

ನನ್ನ ತಮ್ಮ ಮಧುಕುಮಾರನ್ನ ದೇಶದ್ರೋಹಿ ಅಂತ ಬೈದೋರಲ್ಲಿ ಅರ್ಧಕ್ಕರ್ಧ ಜನ ಅವನ ಆಟಾನೇ ನೋಡಿಲ್ಲ. ನೋಡಿದ್ರೆ ಬಾಯಿ ಮುಚ್ಕೊಂಡಿರ್ತಿದ್ರು. ನಾನು ಕುಸುಮಾ, ಆರ್‌ಪಿಸಿ ಲೇಔಟಲ್ಲಿ ಬ್ಲೌಸ್ ಹೊಲಿಯೋಳು. ಅಪ್ಪ ಹೋದ ಮೇಲೆ ಅವನನ್ನ ಬೆಳೆಸಿದ್ದು ನಾನೇ, ಹಾಗಾಗಿ ಹೇಳೋ ಹಕ್ಕು ನಂಗಿದೆ.

ಓದು ಅಂದ್ರೆ ಅವನಿಗೆ ತಲೆನೋವು, ಕಬಡ್ಡಿ ಅಂದ್ರೆ ಊಟಾನೂ ಬೇಡ. ಮೈದಾನದಲ್ಲಿ ಕಲಿಸ್ತಿದ್ದ ಸೇತುರಾಮ ಮೇಷ್ಟ್ರದ್ದು ಒಂದು ಕಟ್ಟಳೆ. ಆಟಕ್ಕೆ ಇಳಿಯೋನು ಮೊದಲು ಮಂಡಿ ಊರಿ, ಹಣೆ ನೆಲಕ್ಕೆ ಹಚ್ಚಿ, ಒಂದೇ ಉಸಿರಲ್ಲಿ ಕಬಡ್ಡಿ ಕಬಡ್ಡಿ ಅಂತಿರಬೇಕು. ಉಸಿರು ಮುಗಿಯೋ ತನಕ ತಲೆ ಎತ್ತೋ ಹಾಗಿಲ್ಲ. ನಡುವೆ ಎದ್ದೋನಿಗೆ ಅವತ್ತು ಆಟವಿಲ್ಲ. ಬೇರೆ ಹುಡುಗರು ಹದಿನೈದು ಸೆಕೆಂಡಿಗೆ ಏದುಸಿರು ಬಿಡ್ತಾ ಏಳೋರು. ನಮ್ಮೋನು ಮೂವತ್ತಾದ್ರೂ ಅಲುಗಾಡ್ತಿರಲಿಲ್ಲ. ಆ ಉಸಿರೇ ಅವನನ್ನ ಟೀವಿಲಿ ಬರೋ ಟೀಮಿಗೆ ಸೇರಿಸ್ತು.

ಅಲ್ಲಿ ಯಾವಾಗ್ಲೂ ರಾಷ್ಟ್ರಗೀತೆ ಮೊದಲು, ಇವನು ಹಣೆ ಹಚ್ಚೋ ನಮಸ್ಕಾರ ಆಮೇಲೆ. ಹೋದ ತಿಂಗಳು ಒಂದು ಪಂದ್ಯದಲ್ಲಿ ಸ್ಪೀಕರ್ ಕೆಟ್ಟಿತ್ತಂತೆ. ಗೀತೆ ಕೊನೆಗೆ ಹಾಕ್ತೀವಿ, ಇಳೀರಿ ಅಂದ್ರಂತೆ. ಇವನು ಇಳಿದ, ಬಗ್ಗಿದ. ಅಷ್ಟರಲ್ಲಿ ಸ್ಪೀಕರ್ ಸರಿಹೋಗಿ ಗೀತೆ ಶುರುವಾಯ್ತು. ಎಲ್ಲರೂ ನೆಟ್ಟಗೆ ನಿಂತ್ರು, ಇವನೊಬ್ಬ ಬಗ್ಗಿಕೊಂಡೇ ಇದ್ದ. ಯಾವನೋ ಪುಣ್ಯಾತ್ಮ ಅಷ್ಟನ್ನೇ ಕತ್ತರಿಸಿ ಊರಿಗೆಲ್ಲ ಹಂಚಿದ.

ಅಯ್ಯೋ, ಆ ವಾರ ನಮ್ಮ ಶತ್ರುಗೂ ಬೇಡ! ಹದಿನೈದು ವರ್ಷದಿಂದ ನನ್ನ ಹತ್ರ ಹೊಲಿಸ್ತಿದ್ದ ವಿಮಲಮ್ಮ, ಕೊಟ್ಟ ಬಟ್ಟೆ ಹಾಗೇ ವಾಪಸ್ ತಗೊಂಡು ಹೋದ್ರು. ಅಮ್ಮ ತರಕಾರಿ ಗಾಡಿ ಹತ್ರಾನೂ ಹೋಗ್ಲಿಲ್ಲ.

ಟೀಮಿನ ಮ್ಯಾನೇಜರ್ ಮಂಜುನಾಥ್ ಮನೆಗೇ ಬಂದ್ರು.

"ಕಿವಿಗೆ ಬೀಳಲಿಲ್ಲ ಅಂತ ಒಂದು ವಿಡಿಯೋ ಮಾಡೋಣ, ಎಲ್ಲ ತಣ್ಣಗಾಗುತ್ತೆ. ಇಲ್ಲಾಂದ್ರೆ ಟೀಮಲ್ಲಿ ಇಟ್ಕೊಳ್ಳೋಕಾಗಲ್ಲ ಮೇಡಂ," ಅಂದ್ರು.

ಮಧುನ ಅಡುಗೆಮನೆಗೆ ಎಳ್ಕೊಂಡು ಹೋದೆ. "ನಿಜ ಹೇಳು, ಕೇಳಿಸ್ತೇನೋ?"

"ಮೊದಲನೇ ಸಾಲಿಗೇ ಕೇಳಿಸ್ತಕ್ಕ. ಏಳಬೇಕು ಅಂತಾನೂ ಅನ್ನಿಸ್ತು. ಉಸಿರು ಬಿಡೋಕೆ ಮೈ ಒಪ್ಪಲಿಲ್ಲ."

"ಹಾಳಾಗಿ ಹೋಗ್ಲಿ, ಕೇಳಿಸ್ಲಿಲ್ಲ ಅಂದುಬಿಡು. ಯಾರಪ್ಪನ ಗಂಟು ಹೋಗುತ್ತೆ?"

ಅವನು ನನ್ನ ಮುಖಾನೇ ನೋಡ್ದ. "ಸುಳ್ಳು ಹೇಳಿದ್ರೆ ನಾಲ್ಕು ಬಾರಿಸ್ತಿದ್ದೋಳು ನೀನೇ ಅಲ್ವಾ ಅಕ್ಕ?"

ಬಾರಿಸ್ತಿದ್ದೆ, ನಿಜ. ಆದ್ರೂ ಕಣ್ಣು ಬಿಟ್ಟು ಹೆದರಿಸ್ದೆ.

ಹೊರಗೆ ಬಂದ ಮೇಲೆ ಮಂಜುನಾಥ್ ವಿಡಿಯೋಗೆ ಅಂತ ಫೋನ್ ಹಿಡಿದ್ರು. ಮಧು ಹೇಳ್ದ, "ಕೇಳಿಸ್ತು. ಎದ್ದು ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಅವಮಾನ ಮಾಡೋಕಲ್ಲ, ಅಭ್ಯಾಸ. ತಪ್ಪು ನಂದೇ, ಕ್ಷಮಿಸಿ."

"ಮುಗೀತಪ್ಪ ನಿನ್ನ ಕಥೆ," ಅಂತ ಅವರು ಫೋನ್ ಜೇಬಿಗಿಟ್ಕೊಂಡು ಎದ್ರು. ಸಂಜೆಗೆ ಟೀಮಿಂದ ತೆಗೆದಿದೀವಿ ಅಂತ ಮೆಸೇಜ್ ಬಂತು.

ಈಗ ಜನ ಬೈಯೋದು ನಿಂತಿದೆ, ಬೈಯೋಕೆ ಬೇರೆ ಯಾರೋ ಸಿಕ್ಕಿದಾರೆ. ಮಧು ದಿನಾ ನನ್ನ ಎದುರಿಗೇ ಕೂತು ಊಟ ಮಾಡ್ತಾನೆ. ಉಪ್ಪು ಕೇಳ್ತಾನೆ, ಸಾರು ಚೆನ್ನಾಗಿದೆ ಅಂತಾನೆ. ಮುಂಚೆ ಮನಸ್ಸಲ್ಲಿರೋದನ್ನೆಲ್ಲ ನನ್ನ ಹತ್ರಾನೇ ಹೇಳ್ಕೊಳ್ತಿದ್ದ, ಈಗ ಹೇಳಲ್ಲ. ಊರೋರು ಬೈದಿದ್ದನ್ನ ಅವನು ಮರೆತಿದಾನೆ. ನಾನು ಹೇಳಿಸೋಕೆ ಹೋದ ಸುಳ್ಳನ್ನ ಮರೆತಿಲ್ಲ.