ಅಕ್ಕನ ಹನ್ನೆರಡು ಅಳು

ನನ್ನ ಅಕ್ಕನಿಗೆ ಐವತ್ತೆಂಟು. ಮುಖ ನೋಡಿದರೆ ಯಾರಿಗೂ ಗುರುತು ಸಿಗುವುದಿಲ್ಲ, ಅತ್ತರೆ ಊರಿಗೆ ಊರೇ ಗುರುತು ಹಿಡಿಯುತ್ತದೆ. ಧಾರಾವಾಹಿಗಳಲ್ಲಿ ತೆರೆಯ ಹಿಂದೆ ನಿಂತು ದನಿ ಕೊಡುವುದು ಅವಳ ಕಸುಬು. ಮೊದಲು ನಾಯಕಿಯರಿಗೆ ಕೊಡುತ್ತಿದ್ದಳು. ನಲವತ್ತು ದಾಟಿದ ಮೇಲೆ ತಾಯಂದಿರಿಗೆ ಇಳಿಸಿದರು. ಆ ತಾಯಂದಿರಿಗೋ ಮಾತೇ ಇಲ್ಲ. ಮಗ ಮನೆ ಬಿಟ್ಟರೆ ಅಳು, ಮರಳಿ ಬಂದರೆ ಅಳು, ಸೊಸೆ ಎದುರಾಡಿದರೆ ಬಾಗಿಲ ಸಂದಿಯಲ್ಲಿ ನಿಂತು ಅಳು. ವಯಸ್ಸಾದ ಹೆಂಗಸಿಗೆ ಬೇರೆ ಕೆಲಸವೇ ಇಲ್ಲವೆಂದು ಬರೆಯುವವರು ತೀರ್ಮಾನಿಸಿಬಿಟ್ಟಿದ್ದಾರೆ. ಅವರನ್ನು ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಎರಡು ವರ್ಷದ ಹಿಂದೆ ಅಕ್ಕ ಒಂದು ದಡ್ಡತನ ಮಾಡಿದಳು. ಪದೇ ಪದೇ ಕರೆಸುವುದು ಕಷ್ಟವೆಂದು ರೆಕಾರ್ಡಿಂಗ್ ಮಾಡುವವನು ಗೋಗರೆದದ್ದಕ್ಕೆ, ಒಂದೇ ಮಧ್ಯಾಹ್ನ ಕೂತು ಹನ್ನೆರಡು ಬಗೆಯ ಅಳು ಅತ್ತು ಕೊಟ್ಟು ಬಂದಳು. ಬರೀ ಬಿಕ್ಕುವುದು ಒಂದನೇ ನಂಬರು, ಬಾಯಿಗೆ ಬಟ್ಟೆ ಒತ್ತಿಕೊಂಡು ಅಳುವುದು ನಾಲ್ಕನೇ ನಂಬರು. ಅಂದಿನಿಂದ ಯಾವ ತಾಯಿ ಅಳಬೇಕಾದರೂ ಅವನು ಕಂಪ್ಯೂಟರಿನಿಂದ ಒಂದು ನಂಬರು ತೆಗೆದು ಅಂಟಿಸುತ್ತಾನೆ. ಅಕ್ಕನಿಗೆ ಕರೆ ಬರುವುದೇ ಅಪರೂಪವಾಯಿತು. ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಸಂಜೆ ಟೀವಿ ಹಾಕಿದರೆ ಮೂರು ಚಾನೆಲ್ಲಿನಲ್ಲಿ ಮೂವರು ತಾಯಂದಿರು ಅವಳ ಅಳು ಅಳುತ್ತಿರುತ್ತಾರೆ.

"ಅಕ್ಕಾ, ಇದು ಏಳನೇದಲ್ವಾ?" ಎಂದು ಕಿಚಾಯಿಸುತ್ತಿದ್ದೆ.

"ಒಂಬತ್ತು ಕಣೇ," ಎನ್ನುತ್ತಿದ್ದಳು, ತಟ್ಟೆಯಿಂದ ತಲೆ ಎತ್ತದೆ. ಅವಳಿಗೆ ಸಿಟ್ಟೂ ಬರುತ್ತಿರಲಿಲ್ಲ. ಸಾಕಾಗಿತ್ತು, ಅಷ್ಟೇ.

ಹೋದ ವಾರ ಹೊಸ ಧಾರಾವಾಹಿಯೊಂದರ ಸುದ್ದಿ ಬಂತು. ಅದರ ನಾಯಕಿಗೆ ಐವತ್ತೈದು. ಬಸ್ಸು ಓಡಿಸುತ್ತಾಳೆ, ಬೈಯುತ್ತಾಳೆ, ಹೊಟ್ಟೆ ತುಂಬ ನಗುತ್ತಾಳೆ. ಅವಳಿಗೆ ದನಿ ಬೇಕಾಗಿತ್ತು. ಅಕ್ಕ ಕನ್ನಡಿಯೆದುರು ನಿಂತು ಮೂರು ದಿನ ಆ ಮಾತುಗಳನ್ನು ಅಭ್ಯಾಸ ಮಾಡಿದಳು. "ಇಳಿಯೋರು ಇಳೀರಿ, ನನ್ ತಲೆ ತಿನ್ಬೇಡಿ!" ಎಂದು ಗದರಿದಾಗ ನನ್ನ ಕೈಲಿದ್ದ ಕತ್ತರಿ ಜಾರಿತು. ಇಷ್ಟು ವರ್ಷ ಈ ದನಿಯನ್ನು ಎಲ್ಲಿ ಬಚ್ಚಿಟ್ಟಿದ್ದಳೋ! ಇದು ಅವಳಿಗೆ ಸಿಗಲೇಬೇಕೆಂದು ನಾನು ಅವಳಿಗಿಂತ ಹೆಚ್ಚು ಆಸೆಪಟ್ಟೆ.

ನಿನ್ನೆ ಹೋಗಿ ಹತ್ತು ನಿಮಿಷ ಓದಿದಳಂತೆ. ಮಗನಾಗುವಷ್ಟು ವಯಸ್ಸಿನ ನಿರ್ದೇಶಕ ಮರ್ಯಾದೆಯಿಂದಲೇ ಹೇಳಿದನಂತೆ: "ಚೆನ್ನಾಗಿ ಓದಿದ್ರಿ ಮೇಡಂ. ಆದ್ರೆ ನಿಮ್ಮ ದನಿ ಕೇಳಿದ್ರೆ, ಯಾವಾಗ ಅಳ್ತಾರೋ ಅಂತ ಜನ ಕಾಯ್ತಾರೆ." ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು.

ಅವಳು ಒಳಗೆ ಬಂದದ್ದು ಮಷೀನಿನ ಸದ್ದಿನಲ್ಲಿ ನನಗೆ ತಿಳಿಯಲೇ ಇಲ್ಲ. ಗಿರಾಕಿಯ ಅಂಗಿಗೆ ಕಾಲರು ಕೂರಿಸುವ ಆತುರದಲ್ಲಿದ್ದೆ. ಪಕ್ಕದ ಕೋಣೆಯಿಂದ ನಾಲ್ಕನೇ ನಂಬರು ಕೇಳಿಸಿತು.

"ಅಕ್ಕಾ, ಬಂದ್ಯಾ? ಬಂದೋಳೇ ಟೀವಿ ಹಾಕ್ಕೊಂಡ್ಯಲ್ಲ! ಸ್ವಲ್ಪ ಸಣ್ಣ ಮಾಡೇ, ತಲೆ ಚಿಟ್ಟು ಹಿಡೀತಿದೆ."

ಅಳು ತಟ್ಟನೆ ನಿಂತಿತು. ಎದ್ದು ಹೋಗಿ ನೋಡಿದೆ. ಟೀವಿ ಹಾಕಿಯೇ ಇರಲಿಲ್ಲ. ಅಕ್ಕ ಚಪ್ಪಲಿಯನ್ನೂ ಬಿಚ್ಚದೆ ಕುರ್ಚಿಯಲ್ಲಿ ಕೂತಿದ್ದಳು, ಕರವಸ್ತ್ರ ಬಾಯಿಗೆ ಒತ್ತಿಕೊಂಡು. ನನ್ನನ್ನು ಕಂಡು ಅದನ್ನು ತೆಗೆದಳು.

"ಸಣ್ಣ ಮಾಡ್ದೆ ಕಣೇ," ಎಂದಳು.