ಹೊಳೆದಂಡೆಯಲ್ಲಿ ಸಿಮ್ರಾನಳ ಮೂರು ದಿನ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಹಂಗಾಮು ಭರದಲ್ಲಿದ್ದಾಗ ತಾಡಪತ್ರಿ ಹೊಲಿಯುವವನು ಅಂಗಡಿ ಮುಚ್ಚುವುದಿಲ್ಲ. ಹರಡಿದ ಕಾಯಿಗೆ ಇಬ್ಬನಿ ತಾಗಬಾರದು, ಲಾರಿ ಮೇಲಿನ ಚೀಲಕ್ಕೆ ಗಾಳಿ ಹೊಗಬಾರದು ಅಂತ ಜನ ಹರಿದ ತಾಡಪತ್ರಿ ಹೊತ್ತು ಬೆಳಗಿನ ಆರಕ್ಕೇ ಬಂದು ನಿಂತಿರುತ್ತಾರೆ. ಅಂಥ ಫೆಬ್ರವರಿಯ ಒಂದು ಗುರುವಾರ ಮುಜಾಫರ ಶಟರ್ ಎಳೆದು ಕೀಲಿಯನ್ನು ನನ್ನ ಕೈಗೆ ಕೊಟ್ಟ.

"ಶಶಿಯಣ್ಣಾ, ಮೂರು ದಿನ ಇರೂದಿಲ್ಲ. ಯಾರರೆ ಬಂದ್ರ ರವಿವಾರ ಬರ್ರಿ ಅಂತ ಹೇಳ್ರಿ."

"ಎಲ್ಲಿಗೆ ಹೊಂಟಿ?"

"ಹೊಳಿದಂಡಿಗೆ. ಡೇರೆ ಹೊಡಕೊಂಡು ಇರ್ತೇವಿ. ಕೂಸಿಗೆ ಗುಡ್ಡ ತೋರಸಬೇಕು."

ಅವನ ಅಂಗಡಿಗೆ ತಾಗಿದ ಝೆರಾಕ್ಸ್ ಅಂಗಡಿ ನನ್ನದು. ಹನ್ನೆರಡು ವರ್ಷ ಒಂದೇ ಗೋಡೆಯ ಎರಡು ಕಡೆ ಕೂತಿದ್ದೇವೆ. ಅವನು ಯಾಕೆ ಹೋಗುತ್ತಿದ್ದಾನೆ ಎಂಬುದು ನನಗೆ ಗೊತ್ತಿತ್ತು. ಅದಕ್ಕೇ ಮತ್ತೇನೂ ಕೇಳಲಿಲ್ಲ.

ಮುಜಾಫರನದು ಹಾವೇರಿ. ತಾಯಿ ಹೆರಿಗೆಯಲ್ಲೇ ಹೋದಳು, ತಂದೆ ಪುಣೆಯ ಕಡೆ ಲಾರಿ ಮೇಲೆ ಹೋದ, ಇವನನ್ನು ಸಾಕಿದ್ದು ಕಾಕಾ. ಹದಿನಾಲ್ಕಕ್ಕೆ ಹೊಲಿಗೆ ಯಂತ್ರದ ಮುಂದೆ ಕೂತವನು ಇಪ್ಪತ್ತೈದಕ್ಕೆ ಬ್ಯಾಡಗಿಗೆ ಬಂದು ಸ್ವಂತ ಅಂಗಡಿ ಹಾಕಿದ. ರಾಣೆಬೆನ್ನೂರಿನ ಹೀನಾಳನ್ನು ಮದುವೆಯಾದ. ಒಂಬತ್ತು ವರ್ಷ ಮಕ್ಕಳಾಗಲಿಲ್ಲ. ದವಾಖಾನೆಗೂ ಹೋದರು, ದರ್ಗಾಕ್ಕೂ ಹೋದರು, ಕಡೆಗೆ ಸುಮ್ಮನಾದರು.

ಆಮೇಲೆ ಹೀನಾಳ ತಂಗಿ ದಿಲಶಾದ ಹೆಣ್ಣುಮಗುವೊಂದನ್ನು ಹೆತ್ತು ಮೂರನೇ ದಿನಕ್ಕೆ ತೀರಿಕೊಂಡಳು. ಅವಳ ಗಂಡ ಜಮೀರ್ ಗೋವಾದ ಮಡಗಾಂವದಲ್ಲಿ ಟೆಂಪೊ ಓಡಿಸುತ್ತಿದ್ದ. ಮಣ್ಣು ಮಾಡಿ ಬಂದು ಗೋಡೆಗೆ ಮುಖ ಮಾಡಿ ಕೂತವನು ಎರಡು ದಿನ ಏಳಲಿಲ್ಲ. ಮೂರನೇ ದಿನ ಕೂಸನ್ನು ಹೀನಾಳ ಮಡಿಲಿಗೆ ಹಾಕಿ, "ಆಪಾ, ನನ್ನಿಂದ ಆಗೂದಿಲ್ಲ" ಅಂದ. ಅಷ್ಟೇ ಅಂದಿದ್ದು. ಕೊಟ್ಟೆ ಅಂತ ಅನ್ನಲಿಲ್ಲ, ಆಮೇಲೆ ಒಯ್ಯುತ್ತೇನೆ ಅಂತಲೂ ಅನ್ನಲಿಲ್ಲ. ಕೇಳುವ ಹೊತ್ತೂ ಅದಾಗಿರಲಿಲ್ಲ.

ಹೀಗೆ ಆರು ದಿನದ ಸಿಮ್ರಾನ ಬ್ಯಾಡಗಿಗೆ ಬಂದಳು. ಹೀನಾಳಿಗೆ ಅಮ್ಮಿ ಅಂದಳು, ಮುಜಾಫರನಿಗೆ ಅಬ್ಬಾ ಅಂದಳು. ನಡೆಯಲು ಕಲಿತದ್ದು ನಮ್ಮ ಎರಡು ಅಂಗಡಿಗಳ ನಡುವಿನ ಕಟ್ಟೆಯ ಮೇಲೆ. ನನ್ನ ಅಂಗಡಿಯ ಹಾಳಾದ ಕಾಗದವೆಲ್ಲ ಅವಳಿಗೇ. ಮುಜಾಫರ ಯಂತ್ರ ತುಳಿಯುವಾಗ ದೊಡ್ಡ ತಾಡಪತ್ರಿಯ ಕೆಳಗೆ ಹೊಕ್ಕು ಕೂತು, "ಅಬ್ಬಾ, ನಾ ಎಲ್ಲಿ?" ಅಂತ ಕೂಗುತ್ತಿದ್ದಳು. ಅವನು ಕಾಣದವನಂತೆ ಊರೆಲ್ಲ ಹುಡುಕುತ್ತಿದ್ದ.

ಎರಡೂವರೆ ವರ್ಷ ಕಳೆಯಿತು. ಜನವರಿಯಲ್ಲಿ ಜಮೀರನ ತಂದೆ ಗೂಡುಸಾಬ ಕುಪ್ಪೇಲೂರಿನಿಂದ ಬಂದರು. ಹಣ್ಣು, ಬಿಸ್ಕೀಟು ತಂದಿದ್ದರು. ಚಹಾ ಆರಿದ ಮೇಲೆ ಬಾಯಿ ಬಿಟ್ಟರು.

"ಜಮೀರಂದು ಎರಡನೇ ನಿಕಾ ಆಗಿ ಆರು ತಿಂಗಳಾತಪಾ. ಹುಡುಗಿ ಛಲೋ ಐತಿ. ಆಕೀನ ಕೇಳಾಕತ್ತಾಳ, ನಿಮ್ಮ ಮಗಳನ್ನ ಯಾಕ ಮಂದಿ ಮನ್ಯಾಗ ಬಿಟ್ಟೀರಿ ಅಂತ. ಅವರು ಮಂದಿ ಅಲ್ಲವ್ವಾ ಅಂತ ನಾ ಅಂದೆ. ಆದರ ತಂದಿಗೆ ಮಗಳು ಬೇಕಲ್ಲ."

ಹೀನಾ ಎದ್ದು ಒಳಗೆ ಹೋದಳು. ಮುದುಕ ಕಣ್ಣೊರೆಸಿಕೊಂಡು, "ನಿಮಗ ಹೆಂಗ ಹೇಳಬೇಕು ಅಂತ ಅವಗ ತಿಳೀಲಿಲ್ಲ, ಅದಕ್ಕ ಜಮೀರನ ಬದ್ಲಿ ನಾ ಬಂದೆ" ಅಂದರು.

ಹಾವೇರಿಯಲ್ಲಿ ವಕೀಲರನ್ನು ಕಾಣು, ಇಷ್ಟು ದಿನ ಸಾಕಿದವರಿಗೂ ಹಕ್ಕಿದೆ ಎಂದು ನಾನೇ ಹೇಳಿದೆ. ಮುಜಾಫರ ತಲೆಯಾಡಿಸಿದ, ಹೋಗಲಿಲ್ಲ. ಫೆಬ್ರವರಿ ಕೊನೆಗೆ, ರಂಜಾನ್ ಹಿಡಿಯುವ ಮೊದಲು ಒಪ್ಪಿಸುವುದು ಎಂದು ಮಾತಾಯಿತು. ಆ ಮಾತಿನ ಮಾರನೆಯ ದಿನ ಅವನು ಗಿರಾಕಿಗಳ ಕೆಲಸ ಬದಿಗಿಟ್ಟು ನೀಲಿ ತಾಡಪತ್ರಿಯಲ್ಲಿ ಒಂದು ಪುಟ್ಟ ಡೇರೆ ಹೊಲಿಯತೊಡಗಿದ. ಸೊಳ್ಳೆ ಹೊಗದಂತೆ ಪರದೆ ಹಚ್ಚಿದ. ಗಾಳಿಗೆ ಒಂದು ಕಿಟಕಿ ಬಿಟ್ಟ, ಸಿಮ್ರಾನ ನಿಂತರೆ ಅವಳ ಕಣ್ಣಿಗೆ ಸರಿಯಾಗುವಷ್ಟೇ ಎತ್ತರದಲ್ಲಿ.

ರಾಣೆಬೆನ್ನೂರಿನ ಆಚೆ ತುಂಗಭದ್ರೆಯ ದಂಡೆಗೆ ಹೊಳಿಯಪ್ಪನೆಂಬ ರೈತನ ಹೊಲವಿದೆ. ಹಂಗಾಮಿಗೆ ಕಾಯಿ ತರುವವನು, ಮುಜಾಫರನ ಹಳೆಯ ಗಿರಾಕಿ. ಬೇವಿನ ಗಿಡದ ಕೆಳಗೆ ಎಷ್ಟು ದಿನ ಬೇಕಾದರೂ ಇರಿ ಅಂದಿದ್ದ. ಅಲ್ಲಿ ನಡೆದದ್ದನ್ನು ಮುಜಾಫರ ನನಗೆ ಒಮ್ಮೆಲೇ ಹೇಳಲಿಲ್ಲ. ಯಂತ್ರಕ್ಕೆ ಎಣ್ಣೆ ಬಿಡುತ್ತಾ, ಚಹಾ ಕುಡಿಯುತ್ತಾ, ತಿಂಗಳುಗಟ್ಟಲೆ ಚೂರು ಚೂರಾಗಿ ಹೇಳಿದ. ಮನೆಯಲ್ಲಿ ಅವರು ಆಡುವುದು ಉರ್ದು. ನನಗೆ ಹೇಳಿದ್ದೆಲ್ಲ ಕನ್ನಡದಲ್ಲಿ.

ಬಸ್ಸಿನಲ್ಲಿ ಸಿಮ್ರಾನ ವಾಂತಿ ಮಾಡಿಕೊಂಡಳಂತೆ. ಆಟೋದಲ್ಲಿ ಗಾಳಿಗೆ ಚೇತರಿಸಿಕೊಂಡು, ಹೊಳೆ ಕಂಡೊಡನೆ "ಪಾನಿ! ಪಾನಿ!" ಎಂದು ಕುಣಿದಳು. ಡೇರೆ ಎದ್ದು ನಿಂತಾಗ ಅದಕ್ಕೆ ಎರಡು ಸುತ್ತು ಹಾಕಿ, ಒಳಗೆ ಇಣುಕಿ, "ಇದು ಯಾರ ಮನಿ?" ಅಂತ ಕೇಳಿದಳು.

"ನಿಂದು" ಅಂದ ಮುಜಾಫರ.

ಆಮೇಲೆ ನಾಲ್ವತ್ತು ಸಲ ಒಳಗೆ ಹೋದಳು, ನಾಲ್ವತ್ತು ಸಲ ಹೊರಗೆ ಬಂದಳು. ಪ್ರತಿ ಸಲ ಕಿಟಕಿಯಲ್ಲಿ ಮುಖವಿಟ್ಟು ಸಲಾಂ ಹೇಳಿದಳು. ಹೀನಾ ಮೂರು ಕಲ್ಲಿಟ್ಟು ಒಲೆ ಹೂಡಿ ಖಿಚಡಿ ಮಾಡಿದಳು. ಹೊಗೆ ಕಣ್ಣಿಗೆ ಹೋಗಿ ನೀರು ಬಂದರೆ, ಸಿಮ್ರಾನ ಓಡಿ ಬಂದು ತನ್ನ ಫ್ರಾಕಿನ ತುದಿಯಿಂದ ಒರೆಸಿದಳು. ಒರೆಸಿದಷ್ಟೂ ಬಂತು. "ಹೊಗಿ, ಬೇಟಾ, ಹೊಗಿ" ಅಂದಳು ಹೀನಾ. ಒಲೆ ಆರಿ ಬಹಳ ಹೊತ್ತಾದ ಮೇಲೂ ಅದನ್ನೇ ಅನ್ನುತ್ತಿದ್ದಳು.

ಮಾರನೆಯ ದಿನ ಗುಡ್ಡ ಹತ್ತಿದರು. ದೊಡ್ಡ ಗುಡ್ಡವೇನಲ್ಲ, ಕುರುಚಲು ಗಿಡ, ಬೋಳುಬಂಡೆ. ದನ ಕಾಯುವವರು ಅರ್ಧ ತಾಸಿನಲ್ಲಿ ಏರಿ ಇಳಿಯುತ್ತಾರೆ. ಇವರಿಗೆ ಎರಡೂವರೆ ತಾಸು ಹಿಡಿಯಿತು. ಸಿಮ್ರಾನ ಎತ್ತಿಕೊಳ್ಳಗೊಡಲಿಲ್ಲ. "ನಾ ನಡೀತೇನಿ" ಎಂದು ಕೈ ಕೊಸರಿಕೊಂಡಳು. ಹತ್ತು ಹೆಜ್ಜೆ ಇಟ್ಟು ಕೂತಳು. ಇರುವೆಯ ಸಾಲು ಕಂಡರೆ ಅದು ಮುಗಿಯುವ ತನಕ ಎದ್ದೇಳಲಿಲ್ಲ. ಸಿಕ್ಕ ಕಲ್ಲನ್ನೆಲ್ಲ ಮುಜಾಫರನ ಕಿಸೆಗೆ ತುಂಬಿದಳು. ಕೆಳಗಿನ ಬಯಲಿನಲ್ಲಿ ಚಿಗರಿಗಳ ಹಿಂಡು ಚಂಗನೆ ಜಿಗಿದು ಹೋದಾಗ "ಬಕ್ರಿ ಹಾರಾಕತ್ಯಾವ!" ಎಂದು ಕಿರುಚಿದಳು. ಆ ಹೊತ್ತಿಗೆ ಹೀನಾ ನಕ್ಕಳು. ಗೂಡುಸಾಬ ಬಂದುಹೋದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು ಎಂದ ಮುಜಾಫರ.

ಮೇಲೆ ಒಂದು ಬಂಡೆಯ ನೆರಳಿನಲ್ಲಿ ಕೂತರು. ಚಪಾತಿ ತಿಂದು ಸಿಮ್ರಾನ ಮುಜಾಫರನ ತೊಡೆಯ ಮೇಲೆ ನಿದ್ದೆ ಹೋದಳು. ಹೀನಾ ಹೊಳೆಯ ಕಡೆ ನೋಡುತ್ತಾ ಮೆಲ್ಲಗೆ ಹೇಳಿದಳು.

"ತಿರುಗಿ ಬ್ಯಾಡಗಿಗೆ ಹೋಗೂದು ಬ್ಯಾಡ. ಹುಬ್ಬಳ್ಳಿಗೆ ಹೋಗೂಣು, ಅಲ್ಲಿಂದ ಎಲ್ಲಿಗರೆ. ನಿಮ್ಮ ಕೈಯಾಗ ಕೆಲಸ ಐತಿ, ನಾನೂ ದುಡೀತೇನಿ. ಯಾರಿಗೂ ಹೇಳೂದು ಬ್ಯಾಡ."

ಅವಳು ಇದನ್ನು ಮೊದಲೇ ಯೋಚಿಸಿಕೊಂಡು ಬಂದಿದ್ದಳು. ಚೀಲದ ತಳದಲ್ಲಿ ಕೂಸಿನ ಎಲ್ಲ ಬಟ್ಟೆಗಳಿದ್ದವು, ಆಧಾರ್ ಕಾರ್ಡಿತ್ತು. ಮೂರು ದಿನಕ್ಕೆ ಇಷ್ಟೇಕೆ ಎಂದು ಮುಜಾಫರ ಊರು ಬಿಡುವಾಗಲೇ ಅಂದುಕೊಂಡಿದ್ದನಂತೆ. ಈಗ ತಿಳಿಯಿತು. ಅವನಿಗೂ ಆಸೆಯಾಗಲಿಲ್ಲ ಎಂದಲ್ಲ. "ಖರೇ ಹೇಳ್ತೇನಿ ಶಶಿಯಣ್ಣಾ, ಆ ಹೊತ್ತಿನ್ಯಾಗ ಎದ್ದು ನಿಂತಿದ್ರ ಹೋಗೇ ಬಿಡ್ತಿದ್ದೆ. ಕೂಸು ತೊಡಿಮ್ಯಾಲಿತ್ತು, ಅದಕ್ಕ ಏಳಲಿಲ್ಲ" ಅಂದ.

ಎದ್ದೇಳದೆ, ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಹೆಂಡತಿಗೆ ಹೇಳದ್ದನ್ನು ಆಗ ಹೇಳಿದ.

ಅವನಿಗೆ ಏಳು ವರ್ಷವಿದ್ದಾಗ ತಂದೆ ಪುಣೆಯಿಂದ ಕರೆದೊಯ್ಯಲು ಬಂದಿದ್ದ. ಕಾಕಾ ದೂರದಿಂದಲೇ ಕಂಡು ಇವನನ್ನು ಒಳಕೋಣೆಗೆ ಒಯ್ದು ಕೌದಿಗಳ ಕೆಳಗೆ ಮಲಗಿಸಿದ. ಉಸಿರು ಬಿಡಬೇಡ, ಇದು ಆಟ ಎಂದ. ಹುಡುಗ ಆಟವೆಂದೇ ನಂಬಿದ. ಹೊರಗೆ ಯಾರೋ "ಮುಜ್ಜೂ, ಏ ಮುಜ್ಜೂ" ಎಂದು ಕರೆಯುತ್ತಿದ್ದರು. ಕಾಕಾ ಹೇಳುತ್ತಿದ್ದ, "ಅಂವ ಇಲ್ಲ, ಹಾನಗಲ್ಲಿಗೆ ಹೋಗ್ಯಾನ, ಯಾವಾಗ ಬರ್ತಾನೋ." ಬಂದವನು ಚಹಾ ಕುಡಿದ, ಸಂಜೆಯ ತನಕ ಕೂತ, ಹೋದ. ಮರುವರ್ಷ ಲಾರಿ ಅಪಘಾತದಲ್ಲಿ ತೀರಿಕೊಂಡ ಸುದ್ದಿ ಬಂತು. ಅವನ ಮುಖ ಮುಜಾಫರನಿಗೆ ಗೊತ್ತೇ ಇಲ್ಲ.

"ಕಾಕಾ ನನ್ನ ಹೊಟ್ಟಿಮಗನ ಹಂಗ ನೋಡ್ಕೊಂಡ. ಆದರ ತಿಳುವಳಿಕಿ ಬಂದಮ್ಯಾಲೆ ನಾ ಅವನ ಮುಖ ನೋಡಿ ಉಣ್ಣಲಿಲ್ಲ ಹೀನಾ. ಅಂವ ಸಾಯೂ ಮುಂದ ಕೈ ಹಿಡಕೊಂಡು ಅತ್ತ. ಆಗೂ ನಾ ಮಾತಾಡಲಿಲ್ಲ. ನಾಳೆ ಈಕಿ ನಿನ್ನ ಹಂಗ ನೋಡಿದ್ರ ನೀ ತಡಕೋತೀಯೇನು?"

"ಹಂಗ ನೋಡಿದ್ರೂ, ಆಕಿ ನನ್ನ ಕಡೆ ನೋಡ್ತಿದ್ಲಲ್ಲ" ಅಂದಳು ಹೀನಾ. ಎದ್ದು, ಮುಂದೆ ಮುಂದೆ ಇಳಿದುಹೋದಳು. ನಿದ್ದೆಗಣ್ಣಿನ ಸಿಮ್ರಾನಳನ್ನು ಹೆಗಲಿಗೆ ಹಾಕಿಕೊಂಡು ಅವನು ಹಿಂದೆ ನಡೆದ.

ಶನಿವಾರ ಡೇರೆ ಬಿಚ್ಚುವಾಗ ಸಿಮ್ರಾನ ಹಗ್ಗ ಹಿಡಿದು ಜಗ್ಗಿದಳು. "ಘರ್‌ಕು ನಕ್ಕೋ" ಎಂದು ಮಣ್ಣಿನಲ್ಲಿ ಹೊರಳಾಡಿದಳು. ಮನೆ ಬೇಡ, ಇಲ್ಲೇ ಇರೋಣ ಎಂದು. ಗಂಡ ಹೆಂಡತಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಫೆಬ್ರವರಿ ಕೊನೆಯ ವಾರ ಕುಪ್ಪೇಲೂರಿಗೆ ಹೋದರು. ಜಮೀರನ ಹೊಸ ಹೆಂಡತಿ ಶಮೀಮಬಾನು ಇಪ್ಪತ್ತನಾಲ್ಕರ ಹುಡುಗಿ. ಹೀನಾಳ ಕೈ ಹಿಡಿದು, "ಆಪಾ, ನೀವೂ ನಾಕು ದಿನ ಇಲ್ಲೇ ಇರ್ರಿ. ಆಕಿ ಏನು ಉಣ್ತಾಳ, ಹೆಂಗ ಮಲಗತಾಳ, ನನಗೇನೂ ಗೊತ್ತಿಲ್ಲ. ಕಲಸ್ರಿ" ಎಂದಳು. ಅವಳು ಕೆಟ್ಟವಳಾಗಿದ್ದರೆ ಹೀನಾಳಿಗೆ ಎಷ್ಟೋ ಹಗುರವಾಗುತ್ತಿತ್ತು. ಹೀನಾ ಕಲಿಸಿದಳು. ಅನ್ನವನ್ನು ಹಾಲಿನಲ್ಲಿ ಎಷ್ಟು ಮೆತ್ತಗೆ ಕಿವುಚಬೇಕು, ತಲೆ ತೊಳೆಯುವಾಗ ಕಣ್ಣಿಗೆ ಹೇಗೆ ಕೈ ಅಡ್ಡ ಹಿಡಿಯಬೇಕು, ಮಲಗಿಸುವಾಗ ಬೆನ್ನಲ್ಲ, ಅಂಗಾಲು ತಟ್ಟಬೇಕು ಎಂಬುದನ್ನು. ನಾಲ್ಕನೇ ದಿನ ಶಮೀಮ ತಟ್ಟಿದಳು, ಸಿಮ್ರಾನ ಮಲಗಿದಳು. ಹೀನಾ ಬಾಗಿಲ ಹೊರಗೆ ನಿಂತು ನೋಡಿದಳು.

ಐದನೇ ದಿನ ಮಧ್ಯಾಹ್ನ, ಸಿಮ್ರಾನ ನಿದ್ದೆಯಲ್ಲಿದ್ದಾಗ ಹೊರಡುವುದೆಂದು ಹಿರಿಯರು ಹೇಳಿದ್ದರು. ಹೀನಾ ಚಪ್ಪಲಿ ಮೆಟ್ಟುವಾಗ ಒಳಗಿನಿಂದ ದನಿ ಬಂತು. "ಅಮ್ಮೀ, ನೀರು."

"ತರ್ತೇನಿ ಬೇಟಾ" ಅಂದಳು ಹೀನಾ.

ಶಮೀಮ ನೀರು ತೆಗೆದುಕೊಂಡು ಒಳಗೆ ಹೋದಳು. ಹೀನಾ ಹೊರಗೆ ಬಂದಳು. ಮುಜಾಫರ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ. ರಾಣೆಬೆನ್ನೂರಿನ ತನಕ ಅವಳು ಆಡಿದ್ದು ಒಂದೇ ಮಾತು, "ಸುಳ್ಳು ಹೇಳಿ ಬಂದೆ."

ಜಮೀರ್ ಹೆಂಡತಿ, ಮಗಳನ್ನು ಮಡಗಾಂವಕ್ಕೆ ಕರೆದೊಯ್ದ. ಅಲ್ಲಿಂದ ಮೊದಮೊದಲು ಫೋನು ಬರುತ್ತಿತ್ತು. ಸಿಮ್ರಾನ ಫೋನಿನೊಳಗೆ ಅತ್ತು ಕರೆಯುತ್ತಿದ್ದಳು, ಇತ್ತ ಹೀನಾ ಬಾಯಿಗೆ ಬಟ್ಟೆ ಒತ್ತಿಕೊಂಡು ಕೇಳುತ್ತಿದ್ದಳು. ಎರಡು ವಾರದ ಮೇಲೆ ಶಮೀಮ ಅಂಜುತ್ತಲೇ ಹೇಳಿದಳು. ಫೋನು ಬಂದ ದಿನ ಕೂಸು ಉಣ್ಣುವುದಿಲ್ಲ, ಸ್ವಲ್ಪ ದಿನ ಬೇಡ. ಹೀನಾ ಒಪ್ಪಿದಳು.

ಜೂನ್‌ನಲ್ಲಿ ಬಕ್ರೀದಿಗೆ ಅವರು ಊರಿಗೆ ಬಂದರೆಂದು ಗೊತ್ತಾಗಿ ಇಬ್ಬರೂ ಕುಪ್ಪೇಲೂರಿಗೆ ಹೋದರು. ಸಿಮ್ರಾನ ಎತ್ತರವಾಗಿದ್ದಳು, ಕೊಂಕಣಿಯ ನಾಲ್ಕು ಮಾತು ಕಲಿತಿದ್ದಳು. ಬಾಗಿಲಲ್ಲಿ ನಿಂತ ಇಬ್ಬರನ್ನೂ ನೋಡಿ ಶಮೀಮಳ ಕಾಲಿನ ಹಿಂದೆ ಸರಿದಳು. "ಯಾರು ಬಂದಾರ ನೋಡು" ಎಂದು ಶಮೀಮ ಮುಂದಕ್ಕೆ ದೂಡಿದಳು. ಕೂಸು ಹೀನಾಳ ಮುಖವನ್ನೇ ಎವೆಯಿಕ್ಕದೆ ನೋಡಿತು. ಏನೋ ನೆನಪಾದಂತೆ ತುಟಿ ತೆರೆಯಿತು. ಹೀನಾ ಕೈ ಚಾಚಿದಳು.

"ಖಾಲಾ, ಸಲಾಂ" ಅಂದಳು ಸಿಮ್ರಾನ, ದೊಡ್ಡಮ್ಮನಿಗೆ ಹೀಗೆನ್ನಬೇಕು ಎಂದು ಹೇಳಿಕೊಟ್ಟಂತೆ. ಅಂದು ಅಂಗಳಕ್ಕೆ ಓಡಿಹೋದಳು.

ಹೀನಾ ಅಲ್ಲಿ ಅಳಲಿಲ್ಲ. ಊಟ ಮಾಡಿದಳು, ಶಮೀಮಳನ್ನು ಹೊಗಳಿದಳು. ಮಾರನೆಯ ದಿನ ಮುಜಾಫರ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು, "ಮರೀತಾಳ ಅಂತ ಗೊತ್ತಿತ್ತು ಶಶಿಯಣ್ಣಾ. ಮರೀಲಿ ಅಂತ ದುವಾನೂ ಮಾಡಿದ್ದೆ. ಇಷ್ಟ ಲಗೂ ಅಂತ ಗೊತ್ತಿರಲಿಲ್ಲ" ಅಂದ. ಗಿರಾಕಿ ಬಂದ, ಅವನು ಎದ್ದುಹೋದ.

ಹೀನಾ ಮನೆಯಲ್ಲಿ ಒಬ್ಬಳೇ ಕೂರಲಾರದೆ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಗೆ ಕೆಲಸಕ್ಕೆ ಹೋಗುತ್ತಾಳೆ. ಬೀಜ ಆರಿಸಿ ಪೊಟ್ಟಣ ತುಂಬುವ ಕೆಲಸ. ಗಂಡನೊಂದಿಗೆ ಮಾತಾಡುತ್ತಾಳೆ, ಅಡುಗೆ ಮಾಡಿ ಬಡಿಸುತ್ತಾಳೆ. ಗುಡ್ಡದ ಮೇಲಿನ ಮಾತನ್ನು ಮಾತ್ರ ಇಬ್ಬರೂ ಮತ್ತೆ ಎತ್ತಿಲ್ಲ. ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ಅವನು ನನ್ನನ್ನು ಎರಡು ಸಲ ಕೇಳಿದ್ದಾನೆ. ಸರಿ ಅಂದಿದ್ದೇನೆ. ಅವನು ನಂಬಿದಂತೆ ಕಾಣಲಿಲ್ಲ.

ಕಂಪನಿಯಲ್ಲಿ ಹೀನಾಳ ಪಕ್ಕ ಕೂರುವ ಮಹೇಶ್ವರಿ ನಮ್ಮ ಓಣಿಯವಳು. ಹೊಸದಾಗಿ ಬಂದ ಒಬ್ಬಾಕೆ ಮೊನ್ನೆ ಊಟದ ಹೊತ್ತಿನಲ್ಲಿ, "ಅಕ್ಕಾ, ನಿಮಗ ಮಕ್ಕಳು ಎಷ್ಟ ಮಂದಿ?" ಎಂದು ಕೇಳಿದಳಂತೆ. ಮಹೇಶ್ವರಿ ಮಾತು ಮರೆಸಲು ನೋಡಿದಳು. ಹೀನಾ ಡಬ್ಬಿಯ ಮುಚ್ಚಳ ಹಾಕುತ್ತಾ ಹೇಳಿದಳಂತೆ, "ಒಬ್ಬಾಕಿ ಮಗಳು ಅದಾಳ. ಗೋವಾದಾಗ ಇರ್ತಾಳ."